ಬರಿಹೊಟ್ಟೆಯ ಕೌದಿ

ಇದು ಆಗುವ ಮಾತಲ್ಲ ಎಂದು ಮೊದಲು ಹೇಳಿದವನು ನನ್ನ ಸೋದರಮಾವ. ಅವ್ವನ ಬೆನ್ನಿಗೆ ಹುಟ್ಟಿದ ತಮ್ಮ, ಸಂಡೂರಿನಲ್ಲಿ ಅದಿರು ಲಾರಿಗಳ ಗ್ಯಾರೇಜು ಇಟ್ಟವನು. ನಾನು ಹೊಸಪೇಟೆಯಲ್ಲಿ ಬಿ.ಎಸ್ಸಿ.ಗೆ ಸೇರಿದ ದಿನ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, ಗ್ಯಾರೇಜಿನಲ್ಲಿದ್ದ ಡ್ರೈವರುಗಳಿಗೆಲ್ಲ ಕೇಳುವಂತೆ ಹೇಳಿದ:

“ಇಕಿ ಡಿಗ್ರಿ ಮುಗಿಸಿದ್ರ ನಾನು ಒಂದು ಗ್ಲಾಸು ಸುಟ್ಟ ಆಯಿಲ್ ಕುಡಿತೀನಿ.”

ಸುಟ್ಟ ಆಯಿಲ್ ಎಂದರೆ ಇಂಜಿನ್ನಿನಿಂದ ಇಳಿಸಿದ ಹಳೆಯ ಎಣ್ಣೆ. ಕಾಡಿಗೆಯಷ್ಟು ಕಪ್ಪು. ಡ್ರೈವರುಗಳು ನಕ್ಕರು. ಒಬ್ಬ ಗ್ಲಾಸನ್ನೂ ತೋರಿಸಿದ.

ಮಾವ ಕೆಟ್ಟವನಲ್ಲ. ಎಸ್ಸೆಸ್ಸೆಲ್ಸಿಯ ಗಣಿತ ಅವನನ್ನು ಮೂರು ಸಲ ಹಿಂದಕ್ಕೆ ಕಳಿಸಿತ್ತು. ನಮ್ಮ ಮನೆಯಲ್ಲಿ ಅದಕ್ಕಿಂತ ಮುಂದೆ ಹೋದವರು ಯಾರೂ ಇರಲಿಲ್ಲ. ಅವ್ವ ಬಂಡ್ರಿಯ ಹೊಲಗಳಲ್ಲಿ ಹತ್ತಿ ಬಿಡಿಸುವವಳು, ಅಪ್ಪ ಗಣಿಯಲ್ಲಿ ಕೂಲಿ. ಅವ್ವನ ತಾಯಿ, ನನ್ನಜ್ಜಿ, ನಮ್ಮ ಜೊತೆಗೇ ಇದ್ದಳು, ಹೆಬ್ಬೆಟ್ಟು ಒತ್ತುವವಳು. ಓದಿಗೆ ಅವ್ವ ಮೂರು ವರ್ಷ ಕೊಟ್ಟಿದ್ದಳು. “ಮೂರಕ್ಕ ಮುಗಿಸು. ನಾಕನೇ ವರ್ಷ ನನ್ನ ಜೊತಿ ಹೊಲಕ್ಕ ಬಾ” ಎಂದಿದ್ದಳು. ಅವಳು ಒಮ್ಮೆ ಹೇಳಿದರೆ ಹೇಳಿದ್ದೇ.

ಮೂರನೆಯ ವರ್ಷ ಒಂದು ಪ್ರಾಜೆಕ್ಟ್ ಮಾಡಬೇಕಿತ್ತು. ಜೊತೆಯವರೆಲ್ಲ ಬಾವಿ ನೀರು, ಚಹಾಪುಡಿ, ಹಾಲಿನ ಕಲಬೆರಕೆ ಎಂದು ಹಂಚಿಕೊಂಡರು. ನನಗೆ ನೆನಪಾದದ್ದು ಮಾವನ ಗ್ಯಾರೇಜಿನ ನೆಲ. ಅಲ್ಲಿ ನಾನು ಎರಡು ಸಲ ಜಾರಿ ಬಿದ್ದಿದ್ದೆ. ಚೆಲ್ಲಿದ ಡೀಸೆಲ್, ಆಯಿಲ್ ಮೇಲೆ ಮಾವ ಮಣ್ಣು ಎರಚುತ್ತಿದ್ದ. ಮಳೆ ಬಂದರೆ ಆ ಮಣ್ಣು, ಆ ಎಣ್ಣೆ ಎರಡೂ ಹಿಂದಿನ ಹಳ್ಳಕ್ಕೆ. ಎಮ್ಮೆಗಳು ನೀರಿಗಿಳಿದರೆ ಮೈಮೇಲೆ ಕಾಮನಬಿಲ್ಲು ಹೊತ್ತು ಎದ್ದು ಬರುತ್ತಿದ್ದವು.

ಚೆಲ್ಲಿದ ಎಣ್ಣೆಯನ್ನು ಹತ್ತಿಯಿಂದ ಎತ್ತಬಹುದು ಎಂದು ಓದಿದ್ದೆ. ಅದಕ್ಕೆ ಔಷಧಿ ಅಂಗಡಿಯ ಬೆಳ್ಳನೆಯ ಹತ್ತಿ ಆಗದು, ಅದು ನೀರು ಕುಡಿದು ಮುಳುಗುತ್ತದೆ. ಗಿಡದಿಂದ ಬಿಡಿಸಿದ ಹಸಿ ಹತ್ತಿಯ ಎಳೆಗೆ ಮೇಣದ ತೆಳ್ಳನೆಯ ಪದರ ಇರುತ್ತದೆ. ಅದಕ್ಕೆ ನೀರು ಹತ್ತುವುದಿಲ್ಲ, ಎಣ್ಣೆ ಹತ್ತುತ್ತದೆ. ನೀರಿನ ಮೇಲೆ ತೇಲುತ್ತ ಬರೀ ಎಣ್ಣೆಯನ್ನಷ್ಟೇ ಕುಡಿಯುತ್ತದೆ. ಎಷ್ಟು ಕುಡಿಯುತ್ತದೆ ಎಂದು ತೂಗಿ ತೋರಿಸುವುದು ನನ್ನ ಪ್ರಾಜೆಕ್ಟ್. ಒಣಗಿದ ತುಂಡನ್ನು ತೂಗಬೇಕು, ನೀರಿನ ಮೇಲೆ ಸುರಿದ ಎಣ್ಣೆಗೆ ಹಾಕಬೇಕು, ಎತ್ತಿ ಹನಿ ನಿಲ್ಲುವವರೆಗೆ ತೂಗುಬಿಡಬೇಕು, ಮತ್ತೆ ತೂಗಬೇಕು. ತನ್ನ ತೂಕದ ಎಷ್ಟು ಪಟ್ಟು ಕುಡಿಯಿತು ಎಂಬುದೇ ಉತ್ತರ.

ಇದನ್ನು ಅಜ್ಜಿಗೆ ವಿವರಿಸಿದೆ. ಅವಳು ಪೂರ್ತಿ ಕೇಳಿ ಹೇಳಿದಳು:

“ಹತ್ತಿ ಎಣ್ಣಿ ಕುಡಿತೈತಿ ಅನ್ನೂದು ದೀಪ ಹಚ್ಚಾಕಿಗೆ ಗೊತ್ತಿಲ್ಲೇನು? ಇದಕ್ಕ ಕಾಲೇಜು ಬೇಕಾತಾ?”

“ಎಷ್ಟು ಕುಡಿತೈತಿ ಅಂತ ತೂಗಬೇಕಜ್ಜಿ.”

“ಬತ್ತಿ ತೂಗಿ ದೀಪ ಹಚ್ಚಿದಾಕೀನ ನಾನಂತೂ ಕಂಡಿಲ್ಲ.”

ಆದರೂ ಹೊಲಿದುಕೊಡಲು ಒಪ್ಪಿದಳು. ಬಂಡ್ರಿಯಲ್ಲಿ ಕೌದಿ ಎಂದರೆ ಅಜ್ಜಿಯೇ. ಬಾಣಂತಿಯರಿಗೆ, ಕೂಸುಗಳಿಗೆ, ಗಂಡನ ಮನೆಗೆ ಹೋಗುವ ಹುಡುಗಿಯರಿಗೆ ಹೊದೆಯುವ ಕೌದಿಗಳನ್ನು ಹಳೆಯ ಸೀರೆಗಳಿಂದ ಹೊಲಿದುಕೊಟ್ಟವಳು. ಅವ್ವ ಕೊನೆಯ ಕೊಯ್ಲಿನ, ಮಳೆಗೆ ಕಲೆ ಬಿದ್ದ ಹತ್ತಿ ತಂದಳು. ಮೂವರೂ ಕೂತು ಬೀಜ ಬಿಡಿಸಿದೆವು. ಕಂಪ್ಲಿಯ ಗಾದಿ ಅಂಗಡಿಯಲ್ಲಿ ಅದನ್ನು ಹಿಂಜಿಸಿಕೊಂಡು, ಅಲ್ಲೇ ಪಕ್ಕದಲ್ಲಿ ತೊಳೆಯದ ತೆಳು ಕೋರಾ ಬಟ್ಟೆ ಹರಿಸಿಕೊಂಡು ಬಂದೆ. ಅಂಗೈ ಅಗಲದ ಇಪ್ಪತ್ತನಾಲ್ಕು ಕೌದಿಗಳು ಬೇಕೆಂದೆ, ಎಂಟು ತೆಳ್ಳಗೆ, ಎಂಟು ನಡುವಿನವು, ಎಂಟು ದಪ್ಪ.

“ಯಾರು ಹೊಚಗೊಳ್ಳೋರು ಇವನ್ನ?” ಅಜ್ಜಿ ಸೂಜಿಗೆ ದಾರ ಪೋಣಿಸುತ್ತ ಕೇಳಿದಳು.

“ಯಾರೂ ಇಲ್ಲ. ನೀರಿನ ಮ್ಯಾಲೆ ಹಾಕೂದು.”

“ನೀರಿಗೂ ಚಳಿ ಆಗ್ತೈತೇನು?”

ನಾಲ್ಕು ದಿನದಲ್ಲಿ ಹೊಲಿದು ಮುಗಿಸಿದಳು. ಒತ್ತು ಹೊಲಿಗೆ, ಮೂಲೆಗೆ ಮೂರು ಮಡಿಕೆ, ಗಟ್ಟಿ ಗಂಟು. ಇಷ್ಟು ಚೆಂದದ ಸ್ಯಾಂಪಲ್ಲು ನಮ್ಮ ಕಾಲೇಜಿಗೆ ಹಿಂದೆಂದೂ ಬಂದಿರಲಿಲ್ಲ. ಪ್ರಾಜೆಕ್ಟ್ ನೋಡಿಕೊಳ್ಳುತ್ತಿದ್ದ ಮೇಡಂ ಒಂದನ್ನು ಕೆನ್ನೆಗೆ ಒತ್ತಿಕೊಂಡು, “ಇದನ್ನು ಡೀಸೆಲ್ಲಿಗೆ ಹಾಕೋಕೆ ಮನಸ್ಸು ಬರುತ್ತೇನಮ್ಮಾ?” ಎಂದರು. ನನಗೆ ಬಂತು. ಹಾಕಿದೆ.

ಲೆಕ್ಕ ಕೂಡಲಿಲ್ಲ.

ಒಂದೇ ಹತ್ತಿ, ಒಂದೇ ಬಟ್ಟೆ, ಒಂದೇ ಕೈಯ ಹೊಲಿಗೆ. ತೂಕಕ್ಕೆ ತಕ್ಕಂತೆ ಹೆಚ್ಚುಕಡಿಮೆ ಒಂದೇ ಲೆಕ್ಕ ಬರಬೇಕು. ನನ್ನ ಕೌದಿಗಳು ಒಂದೊಂದೂ ಒಂದೊಂದು ಮಾತಾಡುತ್ತಿದ್ದವು. ತೆಳ್ಳಗಿದ್ದವಂತೂ ಹಟ ಹಿಡಿದಂತೆ ಕಡಿಮೆ ಕುಡಿದವು. ಗ್ರಾಫ್ ಹಾಕಿದರೆ ಸಂಡೂರಿನ ಗುಡ್ಡದ ಸಾಲು.

“ತೆಳ್ಳಗಿರೋದಕ್ಕೆ ಇದೇನು ರೋಗ?” ಮೇಡಂ ಕನ್ನಡಕ ತೆಗೆದು ಕೇಳಿದರು. “ಎರಡು ವಾರಕ್ಕೆ ವೈವಾ ಇದೆ. ಹೊರಗಿನ ಪರೀಕ್ಷಕರು ಬರ್ತಾರೆ. ಇದನ್ನ ನಾನು ಸಹಿ ಮಾಡಿ ಕಳಿಸೋ ಹಾಗಿಲ್ಲ. ಸರಿಹೋಗದಿದ್ದರೆ ಮುಂದಿನ ವರ್ಷ ಮತ್ತೆ ಮಾಡು.”

ಮುಂದಿನ ವರ್ಷ ಎಂದರೆ ನಾಲ್ಕನೆಯ ವರ್ಷ. ಆ ಮಾತನ್ನು ನಾನು ಮನೆಗೆ ಒಯ್ಯುವಂತಿರಲಿಲ್ಲ.

ಮೊದಲು ತಕ್ಕಡಿಯ ಮೇಲೆ ಅನುಮಾನ ಬಂತು. ಅದಿರಿನ ಕೆಂಪು ಧೂಳು ಕಿಟಕಿಯಿಂದ ಬಂದು ತಕ್ಕಡಿಯ ಮೇಲೆ ಕೂರುತ್ತಿದೆ ಎಂದುಕೊಂಡು ಹಾಸ್ಟೆಲಿನಿಂದ ಸೊಳ್ಳೆಪರದೆ ತಂದು ಅದರ ಸುತ್ತ ಕಟ್ಟಿದೆ. ತೂಗಬೇಕಾದವರು ಪರದೆ ಎತ್ತಿ ಒಳಗೆ ತೂರಿಕೊಳ್ಳಬೇಕು. ಎರಡು ದಿನ ನಾನೂ ತಕ್ಕಡಿಯೂ ಪರದೆಯೊಳಗೆ ಸಂಸಾರ ಮಾಡಿದೆವು. ಲೆಕ್ಕ ಹಾಗೇ ಇತ್ತು.

ಆಮೇಲೆ ಡೀಸೆಲ್ ಮೇಲೆ ಅನುಮಾನ. ಅದು ಮಾವನ ಗ್ಯಾರೇಜಿನದು.

“ಮಾವ, ನಿನ್ನ ಡೀಸೆಲ್ಲಿಗೆ ಏನರ ಬೆರಸೀಯೇನು?” ಎಂದು ಫೋನಿನಲ್ಲಿ ಕೇಳಿದೆ.

“ಯವ್ವಾ, ಹದಿನೆಂಟು ವರ್ಷದಾಗ ಒಬ್ಬ ಡ್ರೈವರ್ ನನಗ ಈ ಮಾತು ಕೇಳಿಲ್ಲ. ಕೇಳಾಕ ಬಿ.ಎಸ್ಸಿ. ಓದಬೇಕಾತು. ನಿನ್ನ ಹತ್ತೀಗೆ ಕುಡಿಯಾಕ ಬರೂದಿಲ್ಲ ಅಂದ್ರ ನನ್ನ ಡೀಸೆಲ್ ಏನು ಮಾಡ್ತೈತಿ?” ಎಂದು ಇಟ್ಟುಬಿಟ್ಟ.

ಉಳಿದದ್ದು ನೀರು. ಕಾಲೇಜಿನ ನಲ್ಲಿಯ ನೀರು ಭಾಳ ಗಡಸು, ನದಿಯ ನೀರು ತಂದು ನೋಡು ಎಂದರು ಮೇಡಂ. ಶುಕ್ರವಾರ ಎರಡು ಕ್ಯಾನು ಹಿಡಿದು ಬಸ್ಸಿನಲ್ಲಿ ಹಂಪಿಗೆ ಹೋದೆ. ನೀರು ತುಂಬುವ ಮೊದಲು ಒಂದು ತೆಳ್ಳನೆಯ ಕೌದಿಯನ್ನು ದಂಡೆಯಲ್ಲಿ ಬರಿ ನೀರಿನ ಮೇಲೆ ಬಿಟ್ಟು, ಮುಳುಗುತ್ತದೋ ತೇಲುತ್ತದೋ ನೋಡುತ್ತ ಗಡಿಯಾರ ಹಿಡಿದು ಕೂತೆ. ತೇಲಿತು. ಅಷ್ಟರಲ್ಲಿ ತೆಪ್ಪದಿಂದಿಳಿದ ಪ್ರವಾಸಿ ಹೆಂಗಸೊಬ್ಬರು ಅದನ್ನು ನೋಡಿ ಚಪ್ಪಲಿ ಬಿಟ್ಟು ಕೈಮುಗಿದರು. ಅವರ ಹಿಂದಿದ್ದ ಇಬ್ಬರೂ ಮುಗಿದರು. ಒಬ್ಬರು ಮುಡಿಯಿಂದ ಸೇವಂತಿಗೆ ತೆಗೆದು ಕೌದಿಯ ಮೇಲಿಟ್ಟರು. ಹೂವಿನ ಭಾರಕ್ಕೂ ಅದು ಮುಳುಗಲಿಲ್ಲ. ಕಾವಲುಗಾರ ಓಡಿಬಂದ.

“ಏನವ್ವಾ, ಇಲ್ಲಿ ಪೂಜಿ ಮಾಡಂಗಿಲ್ಲ.”

“ಪೂಜಿ ಅಲ್ರಿ, ಪರೀಕ್ಷಾ.”

“ಪರೀಕ್ಷಾ ಇದ್ರ ಗುಡಿಗೆ ಹೋಗಿ ಬೇಡಿಕೋ. ಹೊಳಿಗೆ ಯಾಕ ಬಿಡ್ತಿ?”

ಸೇವಂತಿಗೆಯ ತೂಕ ಬರೆದುಕೊಳ್ಳಲಿಲ್ಲ. ಕೌದಿಯನ್ನು ಎತ್ತಿ, ಹಿಂಡಿ, ಮತ್ತೆ ಮುಳುಗಿಸಿ, ಎಷ್ಟು ಸತಾಯಿಸಿದರೆ ನೀರು ಒಳಗಿಳಿಯುತ್ತದೆ ಎಂದೂ ನೋಡಿದೆ. ಒದ್ದೆಯಾದದ್ದನ್ನು ಕಾಲೇಜಿಗೆ ತಂದು ಬೋಗುಣಿಯಲ್ಲಿಟ್ಟು ಮರೆತೆ. ಶನಿವಾರ, ಭಾನುವಾರ ಲ್ಯಾಬಿಗೆ ಬೀಗ.

ಸೋಮವಾರ ಹೋಗಿ ನೋಡಿದರೆ ಕೌದಿ ಮೊಳಕೆ ಒಡೆದಿತ್ತು.

ಮೂಲೆಯ ಗಂಟಿನ ಪಕ್ಕದಲ್ಲಿ, ಸೂಜಿ ಚುಚ್ಚಿದ ತೂತಿನಿಂದ, ಬಿಳಿ ಬೇರೊಂದು ಕೆಳಗಿಳಿದಿತ್ತು. ಹಸಿರು ಮೊನೆಯೊಂದು ಮೇಲೆದ್ದಿತ್ತು. ಮೇಡಂ ಬಂದರು, ಪಕ್ಕದ ಲ್ಯಾಬಿನವರು ಬಂದರು, ಸಸ್ಯಶಾಸ್ತ್ರದವರೂ ಬಂದರು.

“ಹತ್ತಿಬೀಜ ಉಳಿದುಕೊಂಡಿದೆ. ಸರಿಯಾಗಿ ಬಿಡಿಸಿಲ್ಲ ನೀನು” ಎಂದರು ಮೇಡಂ.

ಈ ಮಾತು ನನಗೆ ನಾಟಿತು. ಓದಿನ ಮಾತಿಗೆ ನಾನು ತಲೆ ತಗ್ಗಿಸುತ್ತೇನೆ, ಹತ್ತಿಯ ಮಾತಿಗಲ್ಲ.

“ಅಲ್ಲ ಮೇಡಂ. ಹತ್ತಿ ಹುಟ್ಟಿದರೆ ಎರಡೆಲೆ ಬಿಚ್ಚುತ್ತದೆ. ಇದು ಒಂದೇ ಸೂಜಿಯ ಹಾಗೆ ಎದ್ದಿದೆ. ಇದು ಜೋಳ.”

ಹೇಳುವಾಗಲೇ ನನಗೆ ಹೊಳೆಯಿತು. ಕತ್ತರಿ ತೆಗೆದುಕೊಂಡು ಒಣಗಿದ ಇನ್ನೊಂದು ಕೌದಿಯ ಮೂಲೆ ಕತ್ತರಿಸಿದೆ. ಮೂರು ಮಡಿಕೆಯ ಒಳಗಿಂದ ಬಿಳಿಜೋಳದ ಕಾಳುಗಳು ಮೇಜಿನ ಮೇಲೆ ಉದುರಿ ಉರುಳಿದವು. ಇಷ್ಟು ದಿನ ನಾನು ಗಂಟು ಎಂದುಕೊಂಡು ಒತ್ತಿ ನೋಡಿದ್ದು ಜೋಳವನ್ನು.

ನಮ್ಮ ಕಡೆ ಕೌದಿ ಹೊಲಿಯುವವರಿಗೆ ಒಂದು ಪದ್ಧತಿ ಇದೆ. ಕೊನೆಯ ಮೂಲೆ ಮುಚ್ಚುವ ಮೊದಲು ಅದರೊಳಗೆ ಒಂದು ಚಿಟಿಕೆ ಕಾಳು ಇಡುತ್ತಾರೆ. ಕೌದಿಯ ಹೊಟ್ಟೆ ಬರಿದಿರಬಾರದು. ಹಸಿದ ಕೌದಿ ಹೊದ್ದವರನ್ನೂ ಹಸಿದಿರುವಂತೆ ಮಾಡುತ್ತದಂತೆ. ಇದು ನನಗೆ ಗೊತ್ತಿತ್ತು. ಅಂಗೈ ಅಗಲದ ಲ್ಯಾಬ್ ಸ್ಯಾಂಪಲ್ಲಿಗೂ ಹೊಟ್ಟೆ ಇರುತ್ತದೆ ಎಂದು ಮಾತ್ರ ಹೊಳೆದಿರಲಿಲ್ಲ.

ಅವತ್ತೇ ಬಸ್ಸು ಹಿಡಿದು ಬಂಡ್ರಿಗೆ ಹೋದೆ. ಯಾರದೋ ನೆಂಟರ ಮನೆಯಿಂದ ಬಂದಿದ್ದ ಮಾವನೂ ಕಟ್ಟೆಯ ಮೇಲೆ ಕೂತಿದ್ದ. ಚೀಲದಿಂದ ಕೌದಿಗಳನ್ನು ಸುರಿದು, “ಅಜ್ಜಿ, ಇದರಾಗ ಜೋಳ ಇಟ್ಟೀಯೇನು?” ಎಂದೆ.

“ಇಡದನ ಮತ್ತ? ಇಪ್ಪತ್ತನಾಕು ಹೊಟ್ಟಿ. ನೆನಪಿಟ್ಟು ಇಟ್ಟೀನಿ, ಒಂದನ್ನೂ ಬಿಟ್ಟಿಲ್ಲ.”

“ಎಲ್ಲಾಕ್ಕೂ ಒಂದೇ ಅಳತಿ ಇಟ್ಟೀಯಾ?”

“ಅದ್ಹೆಂಗ ಆಗ್ತೈತಿ? ತೆಳ್ಳಗಿದ್ದವು ನೋಡಾಕ ಸೊರಗಿದ್ವು, ಪಾಪ. ಅವಕ್ಕ ಇನ್ನೊಂದಿಷ್ಟು ಹೆಚ್ಚಿಗಿ ಹಾಕೀನಿ.”

ನನ್ನ ಗ್ರಾಫು ಅಲ್ಲಿಗೆ ಪೂರ್ತಿ ಅರ್ಥವಾಯಿತು. ಇಷ್ಟು ದಿನ ನಾನು ಹತ್ತಿಯ ಗುಣ ಅಳೆದಿರಲಿಲ್ಲ, ಅಜ್ಜಿಯ ಕರುಣೆ ಅಳೆದಿದ್ದೆ. ಜೋಳ ಎಣ್ಣೆ ಕುಡಿಯದೆ ಬರೀ ತೂಕ ಹಾಕುತ್ತ ಒಳಗೆ ಕೂತಿತ್ತು.

ಮಾವ ಹೊಟ್ಟೆ ಹಿಡಿದುಕೊಂಡು ನಕ್ಕ. “ನನ್ನ ಡೀಸೆಲ್ಲಿಗೆ ಬೆರಸೀಯೇನು ಅಂತ ಕೇಳಿದ್ಯಲ್ಲಲೇ! ಬೆರಸಾಕಿ ಮನ್ಯಾಗ ಕುಂತಾಳ!”

“ಅಜ್ಜಿ, ಎಲ್ಲಾ ತೆಗೀಬೇಕು. ತೆಗದು ಮತ್ತ ಹೊಲಿ.”

ಅಜ್ಜಿ ಸೂಜಿ ಮುಟ್ಟಲಿಲ್ಲ. “ಬರಿಹೊಟ್ಟಿ ಕೌದಿ ನನ್ನ ಕೈಯಿಂದ ಹೊರಗ ಹೋಗಿಲ್ಲ. ಹೋಗೂದೂ ಇಲ್ಲ.”

“ಇದು ಕೌದಿ ಅಲ್ಲಜ್ಜಿ, ಸ್ಯಾಂಪಲ್ಲು.”

“ಹೊಲದಾಕಿ ನಾನು. ಏನು ಹೊಲದೀನಿ ಅಂತ ನನಗ ಗೊತ್ತಿಲ್ಲೇನು?”

“ಇದರ ಊಟ ಎಣ್ಣಿ. ಜೋಳ ತಿನ್ನೂದಿಲ್ಲ ಇದು.”

“ಬರಿ ಎಣ್ಣಿ ಕುಡಿದು ಯಾರು ಬದುಕ್ತಾರ?”

ಇದಕ್ಕೆ ಮಾವ ಮೆಲ್ಲಗೆ, “ಇಕಿ ಡಿಗ್ರಿ ಮುಗಿಸಿದ್ರ ನಾ ಆಯಿಲ್ ಕುಡಿಯಾವ ಇದ್ದೆ. ಉಳಕೊಂಡೆಪಾ” ಎಂದ. ಆಗ ನನಗೆ ಅಳು ಬಂತು. ಅಳುವವಳಲ್ಲ ನಾನು. ಮಾವನೂ ನಗು ನಿಲ್ಲಿಸಿದ. ವೈವಾಕ್ಕೆ ಎಂಟು ದಿನ ಉಳಿದಿದೆ, ಇದು ಕೂಡದಿದ್ದರೆ ಡಿಗ್ರಿ ಇಲ್ಲ, ಅವ್ವ ನಾಲ್ಕನೆಯ ವರ್ಷ ಕೊಡುವುದಿಲ್ಲ ಎಂದು ಹೇಳಿದೆ. ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದು ನಿಂತಿತು. ಕೊಡುತ್ತೇನೆ ಎಂಬ ಮಾತೂ ಹೊರಗೆ ಬರಲಿಲ್ಲ.

ಅಜ್ಜಿ ಒಂದು ಕೌದಿಯನ್ನು ಎತ್ತಿಕೊಂಡು ಸುತ್ತಲೂ ತಿರುವಿದಳು. ಕಾನೂನು ಬಲ್ಲವರ ಹಾಗೆ ಸುಮಾರು ಹೊತ್ತು ನೋಡಿದಳು. ಆಮೇಲೆ ಕೇಳಿದಳು:

“ನಾಕೂ ಮೂಲಿ ಮುಚ್ಚಲೇಬೇಕಾ?”

“ಅಂದ್ರ?”

“ಮೂಲಿ ಮುಚ್ಚಿದ್ರ ಕೌದಿ ಮುಗೀತು, ಹೊಟ್ಟಿ ತುಂಬಿಸಬೇಕು. ಒಂದು ಮೂಲಿ ತೆರದಿದ್ರ ಅದಿನ್ನ ಮುಗದಿಲ್ಲ. ಮುಗೀಲಾರದ ಕೌದಿಗೆ ಹೊಟ್ಟೀನ ಹುಟ್ಟಿಲ್ಲ. ಅದಕ್ಕ ಹಸಿವಿ ಎಲ್ಲಿಂದ ಬರ್ತೈತಿ?”

ನಾನು ಕಣ್ಣೊರೆಸಿಕೊಂಡು ಲೆಕ್ಕ ಹಾಕಿದೆ. ಒಂದು ಮೂಲೆ ತೆರೆದಿದ್ದರೆ ಹತ್ತಿ ಉದುರದಂತೆ ಎರಡು ಹೊಲಿಗೆ ಹಾಕಿದರೆ ಸಾಕು. ಎಲ್ಲಕ್ಕೂ ಒಂದೇ ಥರ ತೆರೆದಿದ್ದರೆ ಪರೀಕ್ಷೆಗೆ ಅಡ್ಡಿಯಿಲ್ಲ.

“ನಡೀತೈತಿ” ಎಂದೆ.

ಡೀಸೆಲ್ಲಿಗೆ ಬಿದ್ದವನ್ನು ಬಿಟ್ಟು, ಅವುಗಳ ಬದಲಿಗೆ ಅವ್ವ ಇಟ್ಟುಕೊಂಡಿದ್ದ ಉಳಿದ ಹತ್ತಿಯಿಂದ ಅಜ್ಜಿ ಹೊಸವನ್ನು ಹೊಲಿದಳು. ಮುಟ್ಟದೆ ಉಳಿದವುಗಳ ಮೂಲೆ ಬಿಚ್ಚಿ ಜೋಳವನ್ನು ಮೊರಕ್ಕೆ ಕೊಡವಿದಳು. ಪ್ರತಿಯೊಂದನ್ನು ನನ್ನ ಕೈಗೆ ಕೊಡುವಾಗಲೂ, “ಮುಗದಿಲ್ಲ ಇದು” ಎಂದು ಜೋರಾಗಿ ಹೇಳಿ ಕೊಟ್ಟಳು. ಯಾರಿಗೆ ಹೇಳುತ್ತಿದ್ದಳೋ ಗೊತ್ತಿಲ್ಲ. ಇಪ್ಪತ್ತನಾಲ್ಕು ಸಲ ಹೇಳಿದಳು. ಮಾವ ಕಟ್ಟೆಯ ಮೇಲೆ ಕೂತು ಎಣಿಸಿದ.

ಈ ಸಲ ಲೆಕ್ಕ ಕೂಡಿತು. ತೆಳ್ಳಗಿದ್ದವು, ದಪ್ಪಗಿದ್ದವು ಎಲ್ಲವೂ ಒಂದೇ ಮಾತಾಡಿದವು. ಮೇಡಂ ಎರಡು ಸಲ ತೂಗಿಸಿ ನೋಡಿ ಸಹಿ ಹಾಕಿದರು. ತಕ್ಕಡಿಯ ಸುತ್ತ ಕಟ್ಟಿದ್ದ ಸೊಳ್ಳೆಪರದೆ ಬಿಚ್ಚಿಕೊಂಡು ಹೋಗು ಎಂದರು.

ವೈವಾ ದಿನ ಹೊರಗಿನ ಪರೀಕ್ಷಕರು ಬಂದರು. ಹಿರಿಯರು, ಬಿಸಿಲಿಗೆ ಬಳಲಿದ್ದರು. ಅವತ್ತಿಗೆ ಬೇಕೆಂದು ಮಾವ ಒಂದು ಬಾಟಲಿ ಸುಟ್ಟ ಆಯಿಲ್ ಕಳಿಸಿದ್ದ. ಬಾಟಲಿ ಕೂಲ್‌ಡ್ರಿಂಕಿನದು, ಚೀಟಿಯೂ ಹಾಗೇ ಇತ್ತು. ನಾನು ಬೋಗುಣಿಗೆ ನೀರು ತುಂಬಿ ತಿರುಗುವಷ್ಟರಲ್ಲಿ ಪರೀಕ್ಷಕರು ಕರವಸ್ತ್ರದಿಂದ ಹಣೆ ಒರೆಸಿಕೊಳ್ಳುತ್ತ ಅದರ ಮುಚ್ಚಳ ತಿರುಗಿಸುತ್ತಿದ್ದರು.

“ಸರ್, ಕುಡೀಬ್ಯಾಡ್ರಿ! ಅದು ನಮ್ಮ ಮಾವಂದು!”

ಮೂರು ವರ್ಷ ಕಾಲೇಜಿನಲ್ಲಿ ಜೋಪಾನವಾಗಿ ಆಡಿದ ಪುಸ್ತಕದ ಕನ್ನಡ ಆ ಒಂದು ಕೂಗಿಗೆ ಹೋಯಿತು. ಅವರು ಬಾಟಲಿಯನ್ನು ಮೂಸಿ ನೋಡಿ, ತುಂಬ ಮರ್ಯಾದೆಯಿಂದ ಮೇಜಿನ ಮೇಲಿಟ್ಟರು.

ಬೋಗುಣಿಯ ನೀರಿಗೆ ಆಯಿಲ್ ಸುರಿದೆ. ಕರ್ರಗೆ ಹರಡಿತು. ಕೌದಿ ಬಿಟ್ಟೆ. ಅದು ಅಂಚಿನಿಂದ ಕಪ್ಪೇರುತ್ತ ಹೋಯಿತು. ಎರಡನೆಯದು ಬಿಟ್ಟೆ. ಇಕ್ಕುಳದಿಂದ ಎರಡನ್ನೂ ಎತ್ತಿದಾಗ ಬೋಗುಣಿಯ ತಳದ ಸ್ಟೀಲು ಕಾಣಿಸಿತು. ಪರೀಕ್ಷಕರು ಬಗ್ಗಿ ನೋಡಿದರು. ಒಣಗಿದ ಒಂದನ್ನು ಕೈಗೆ ತೆಗೆದುಕೊಂಡು, “ಈ ಮೂಲೆ ತೆರೆದಿಟ್ಟಿದ್ದೀಯಲ್ಲ, ಇದು ಒಳ್ಳೆಯ ಉಪಾಯ. ಎಣ್ಣೆ ಬೇಗ ಒಳಗೆ ಹೋಗಲಿ ಎಂದು, ಅಲ್ಲವೇ?” ಎಂದರು.

ಮೇಡಂ ಅವರ ಬೆನ್ನ ಹಿಂದಿನಿಂದ, ಹೂಂ ಅನ್ನು ಎಂದು ತಲೆ ಆಡಿಸಿದರು. ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಮೂಲೆಯ ಉಪಾಯ ನನ್ನದಲ್ಲ. ಹೆಬ್ಬೆಟ್ಟು ಒತ್ತುವವಳದ್ದನ್ನು ನನ್ನದು ಎಂದು ಬರೆಸಿಕೊಂಡು ಪಾಸಾಗುವುದು ನನಗೆ ಬೇಕಿರಲಿಲ್ಲ.

“ಅಲ್ಲ ಸರ್. ಮುಚ್ಚಿದರೆ ಜೋಳ ಇಡಬೇಕಾಗುತ್ತದೆ” ಎಂದೆ. ಎಲ್ಲವನ್ನೂ ಹೇಳಿದೆ. ಮೇಡಂ ಕಿಟಕಿಯ ಕಡೆ ತಿರುಗಿ ನಿಂತರು.

ಪರೀಕ್ಷಕರು ನಗಲಿಲ್ಲ. ಪೆನ್ನು ತೆಗೆದು ಕೇಳಿದರು:

“ಒಂದೊಂದಕ್ಕೆ ಎಷ್ಟು ಕಾಳು?”

“ಅದಕ್ಕೆ ಅಳತೆ ಇಲ್ಲ ಸರ್. ಅಜ್ಜಿಗೆ ಎಷ್ಟು ಪಾಪ ಅನ್ನಿಸುತ್ತದೋ ಅಷ್ಟು.”

ಅವರು ಅದನ್ನು ಬರೆದುಕೊಂಡರು. ಎಲ್ಲಿ ಬರೆದುಕೊಂಡರು, ಯಾತಕ್ಕೆ ಎಂದು ಇವತ್ತಿಗೂ ನನಗೆ ತಿಳಿಯದು. ಹೋಗುವಾಗ, “ನಮ್ಮ ತಾಯಿ ಅಕ್ಕಿ ಇಡುತ್ತಿದ್ದರು” ಎಂದಷ್ಟೇ ಹೇಳಿದರು.

ಪಾಸಾದೆ. ಸರ್ಟಿಫಿಕೇಟು ಬರುವುದಕ್ಕೆ ಇನ್ನೂ ಕೆಲವು ತಿಂಗಳು ಹಿಡಿಯಿತು. ಕಾಲೇಜಿನ ಆಫೀಸಿನ ಕಿಟಕಿಯಲ್ಲಿ ಸಹಿ ಮಾಡಿ ಇಸಿದುಕೊಂಡು, ಮುದುಡದಂತೆ ಪ್ಲಾಸ್ಟಿಕ್ ಕವರಿಗೆ ಹಾಕಿ, ಬಸ್ಸಿನಲ್ಲಿ ಎದೆಗೆ ಒತ್ತಿಕೊಂಡು ಬಂಡ್ರಿಗೆ ಬಂದೆ. ಕೂರಲು ಸೀಟಿದ್ದರೂ ಸಂಡೂರಿನವರೆಗೆ ನಿಂತೇ ಬಂದೆ.

ಮನೆಯಲ್ಲಿ ಎಲ್ಲರೂ ಇದ್ದರು. ಮಾವನೂ ಬಂದಿದ್ದ. ಅಜ್ಜಿ ಅವನನ್ನು ನೋಡಿ, “ಲೇ, ಗ್ಲಾಸು ತರಲೇನು?” ಎಂದಳು.

“ಆಯಿಲ್ ಎಲ್ಲೈತಬೇ? ಎಲ್ಲಾ ನಿನ್ನ ಕೌದಿನ ಕುಡದು ಹೋಗ್ಯಾವ. ನನಗ ಒಂದು ಹನಿ ಉಳಿಸಿಲ್ಲ” ಎಂದು ಮಾವ ಬೇರೆ ಕಡೆ ನೋಡಿದ. ಹಾಗೆ ನೋಡುತ್ತಲೇ ಕೈಯನ್ನು ಪ್ಯಾಂಟಿಗೆ ನಾಲ್ಕು ಸಲ ಒರೆಸಿಕೊಂಡು, “ಕೊಡು, ನೋಡೂನು” ಎಂದ. ನನ್ನ ಹೆಸರಿದ್ದ ಸಾಲನ್ನು ಎರಡು ಸಲ ಓದಿದ. ಅವ್ವನಿಗೆ ಕೊಟ್ಟ. ಅವ್ವ ಅದನ್ನು ಮುಟ್ಟಲು ಹೆದರಿ ಸೆರಗಿನಲ್ಲಿ ಹಿಡಿದು ಅಜ್ಜಿಗೆ ಕೊಟ್ಟಳು.

ಅಜ್ಜಿ ನಾಲ್ಕೂ ಅಂಚನ್ನು ಬೆರಳಿನಿಂದ ತಡವಿದಳು. ಕೌದಿಯನ್ನು ನೋಡುವ ಹಾಗೆಯೇ ನೋಡಿದಳು.

“ಇದು ಮುಗದೈತಾ? ಇನ್ನೇನರ ಬಾಕಿ ಐತಾ?”

“ಮುಗದೈತಜ್ಜಿ. ಪೂರ್ತಿ ಮುಗದೈತಿ.”

ಅವಳು ಎದ್ದು ಒಳಗೆ ಹೋಗಿ ಮುಷ್ಟಿ ಬಿಗಿದುಕೊಂಡು ಬಂದಳು. ಕವರಿನ ಬಾಯಿ ಬಿಡಿಸಿ, ಸರ್ಟಿಫಿಕೇಟಿನ ಹಿಂದೆ ಜೋಳದ ಕಾಳುಗಳನ್ನು ಇಳಿಬಿಟ್ಟು, ಬಾಯಿ ಮಡಚಿ ಒತ್ತಿ ನನ್ನ ಕೈಗಿತ್ತಳು.

“ತಗೋ. ಮುಗದದ್ದನ್ನ ಬರಿಹೊಟ್ಟೀಲಿ ಇಡಬಾರದು.”